ಹಬ್ಬವೂ ಅಪ್ಪಣೆಯೂ

ಹಬ್ಬವು ಮನೆಯೊಳಗಿರುವವರೆಗೆ ಅದರ ವಿಷಯದಲ್ಲಿ ವಾದಕ್ಕೆ ಎಡೆಯಿಲ್ಲ. ಹೊಸ್ತಿಲು ದಾಟಿ ಬೀದಿಗೆ ಬಂದಾಗಲೂ ನೆರೆಹೊರೆಯ ಸೌಜನ್ಯವು ಅದನ್ನು ಹೇಗೋ ನಿರ್ವಹಿಸಿಕೊಂಡು ಹೋಗುತ್ತದೆ. ಆದರೆ ಅದೇ ಹಬ್ಬವು ಊರ ಬೊಕ್ಕಸದ ಹಣದಿಂದ, ನ್ಯಾಯಾಲಯದ ಮೆಟ್ಟಿಲ ಮೇಲೆ, ಸರ್ಕಾರಿ ಶಾಲೆಯ ಗೋಡೆಗಳ ಒಳಗೆ ಆಚರಣೆಗೊಳ್ಳತೊಡಗಿದೊಡನೆ ಬೇರೆಯೇ ಒಂದು ಪ್ರಶ್ನೆ ತಲೆಯೆತ್ತುತ್ತದೆ. ಇದು ಯಾರ ಹಬ್ಬ? ಆಚರಿಸುವವರದೋ, ಆಳುವವರದೋ? ಅಮೆರಿಕ ದೇಶದಲ್ಲಿ ಪ್ರತಿ ವರ್ಷವೂ ಡಿಸೆಂಬರ್ ತಿಂಗಳು ಬಂದಿತೆಂದರೆ ಕ್ರಿಸ್‌ಮಸ್ ಹಬ್ಬದ ಸುತ್ತ ಏಳುವ ವಿವಾದವು ಈ ಪ್ರಶ್ನೆಯದೇ. ಅಂಗಡಿಯಾತನು ಗಿರಾಕಿಗೆ 'ಮೆರಿ ಕ್ರಿಸ್‌ಮಸ್' ಎನ್ನಬೇಕೋ 'ಹ್ಯಾಪಿ ಹಾಲಿಡೇಸ್' ಎನ್ನಬೇಕೋ ಎಂದು ದೊಡ್ಡವರು ಜಗಳವಾಡುವುದು ದೂರದಿಂದ ನೋಡುವವರಿಗೆ ನಗೆಯನ್ನು ತರಿಸಬಹುದು. ೨೦೧೫ರಲ್ಲಿ ಸ್ಟಾರ್‌ಬಕ್ಸ್ ಎಂಬ ಕಾಫಿ ಅಂಗಡಿಯವರು ತಮ್ಮ ಕಾಗದದ ಲೋಟದ ಮೇಲೆ ಹಿಮದ ಹರಳು, ಜಿಂಕೆಗಳ ಚಿತ್ರವಿಲ್ಲದೆ ಬರಿಯ ಕೆಂಪು ಬಣ್ಣವನ್ನು ಬಳಿಸಿದರೆಂದು ಕೆಲವರು ಕೆರಳಿದರು. ಇಂಥವನ್ನು ಬದಿಗಿರಿಸಿ ನೋಡಿದರೆ ವಿವಾದದ ತಿರುಳು ನಗುವಂಥದಲ್ಲ.

ವಾದಿಗಳಲ್ಲಿ ಒಂದು ಪಕ್ಷದವರ ಮಾತು ಸರಳವಾಗಿದೆ. ಹಿಂದೆ ಎಲ್ಲರೂ ಒಂದಾಗಿ ಈ ಹಬ್ಬವನ್ನು ಆಚರಿಸುತ್ತಿದ್ದರು. ಈಚೆಗೆ ಮತವಿರೋಧಿಗಳೂ ಅನ್ಯಮತೀಯರೂ ಸೇರಿ ಅದನ್ನು ಸಾರ್ವಜನಿಕ ಜೀವನದಿಂದ ಹೊರದೂಡುತ್ತಿದ್ದಾರೆ ಎಂಬುದು ಅವರ ದೂರು. ೨೦೦೫ರಲ್ಲಿ ಜಾನ್ ಗಿಬ್ಸನ್ ಎಂಬ ದೂರದರ್ಶನ ನಿರೂಪಕನು ಕ್ರಿಸ್‌ಮಸ್ಸಿನ ಮೇಲೆ ಯುದ್ಧವೇ ನಡೆದಿದೆ ಎಂಬ ಹೆಸರಿನಲ್ಲಿ ಗ್ರಂಥವನ್ನೇ ಬರೆದನು. ಆ ದೂರೂ ಹೊಸದಲ್ಲ. ೧೯೫೯ರಲ್ಲಿ ಜಾನ್ ಬರ್ಚ್ ಸಂಘದವರು ಕರಪತ್ರ ಹೊರಡಿಸಿ, ಹಬ್ಬವನ್ನು ಹಾಳುಗೆಡಹುವ ಹೊಣೆಯನ್ನು ಕಮ್ಯುನಿಸ್ಟರ ಮೇಲೆಯೂ ವಿಶ್ವಸಂಸ್ಥೆಯ ಮೇಲೆಯೂ ಹೊರಿಸಿದ್ದರು. ಅದಕ್ಕೂ ಮುಂಚೆ, ೧೯೨೦ರ ದಶಕದ ಆದಿಯಲ್ಲಿ, ಮೋಟಾರು ತಯಾರಕ ಹೆನ್ರಿ ಫೋರ್ಡನ ಪತ್ರಿಕೆಯು ಅದೇ ಹೊಣೆಯನ್ನು ಯೆಹೂದ್ಯರ ತಲೆಗೆ ಕಟ್ಟಿತ್ತು. ಆರೋಪಿಯ ಹೆಸರು ಬದಲಾಗುತ್ತ ಬಂದಿತೇ ಹೊರತು ಆರೋಪ ಬದಲಾಗಲಿಲ್ಲ.

ಇತಿಹಾಸವನ್ನು ನೋಡಿದರೆ ಕ್ರಿಸ್‌ಮಸ್ ಹಬ್ಬವನ್ನು ಸಾರ್ವಜನಿಕ ಜೀವನದಿಂದ ಮೊಟ್ಟಮೊದಲು ಹೊರಗಟ್ಟಿದವರು ನಾಸ್ತಿಕರಲ್ಲ, ಕಟ್ಟಾ ಕ್ರೈಸ್ತರು. ಏಸುವು ಹುಟ್ಟಿದ ತಿಂಗಳಾಗಲಿ ತಿಥಿಯಾಗಲಿ ಬೈಬಲ್ಲಿನಲ್ಲಿ ಹೇಳಲ್ಪಟ್ಟಿಲ್ಲ. ಡಿಸೆಂಬರ್ ೨೫ ಎಂಬ ದಿನವು ನಾಲ್ಕನೆಯ ಶತಮಾನದ ರೋಮಿನ ಲೇಖನಗಳಲ್ಲಿ ಕಾಣಿಸಿಕೊಳ್ಳುತ್ತದೆ. ಆರ್ಮೇನಿಯದ ಸಭೆಯವರು ಇಂದಿಗೂ ಜನವರಿ ೬ನ್ನೇ ಹಿಡಿದಿದ್ದಾರೆ. ಧರ್ಮಗ್ರಂಥದಲ್ಲಿ ಇಲ್ಲದುದನ್ನು ಆಚರಿಸಲಾಗದು ಎಂಬ ಪ್ಯೂರಿಟನ್ ಮತದವರಿಗೆ ಇಷ್ಟೇ ಸಾಕಾಯಿತು. ಅದರ ಮೇಲೆ ಆ ಕಾಲದ ಹಬ್ಬವೆಂದರೆ ಕುಡಿತ, ಜೂಜು, ಬೀದಿಬೀದಿಗಳಲ್ಲಿ ಗದ್ದಲ. ಇಂಗ್ಲೆಂಡಿನ ಪಾರ್ಲಿಮೆಂಟು ೧೬೪೭ರಲ್ಲಿ ಶಾಸನ ಮಾಡಿ ಹಬ್ಬವನ್ನು ರದ್ದುಪಡಿಸಿತು. ಆ ವರ್ಷದ ಡಿಸೆಂಬರಿನಲ್ಲಿ ಕ್ಯಾಂಟರ್ಬರಿಯ ಜನ ದಂಗೆಯೆದ್ದರು. ೧೬೬೦ರಲ್ಲಿ ರಾಜನು ಸಿಂಹಾಸನಕ್ಕೆ ಮರಳಿದ ಮೇಲೆಯೇ ಹಬ್ಬವೂ ಮರಳಿತು. ಸ್ಕಾಟ್ಲೆಂಡಿನ ವೃತ್ತಾಂತ ಇನ್ನೂ ವಿಚಿತ್ರ. ಹದಿನೇಳನೆಯ ಶತಮಾನದಲ್ಲಿ ಅಲ್ಲಿ ಕಳೆದುಹೋದ ಕ್ರಿಸ್‌ಮಸ್ ರಜೆಯು ಮತ್ತೆ ಎಲ್ಲರಿಗೂ ಸಾರ್ವಜನಿಕ ರಜೆಯಾಗಿ ದೊರೆತುದು ೧೯೫೮ರಲ್ಲಿ.

ಅಮೆರಿಕದಲ್ಲಿ ಪ್ಲಿಮತ್ ನೆಲಸುನಾಡಿನ ಗವರ್ನರನಾಗಿದ್ದ ವಿಲಿಯಂ ಬ್ರ್ಯಾಡ್‌ಫರ್ಡನು ೧೬೨೧ರ ಕ್ರಿಸ್‌ಮಸ್ ದಿನದ ಒಂದು ಪ್ರಸಂಗವನ್ನು ತನ್ನ ಬರಹದಲ್ಲಿ ದಾಖಲಿಸಿದ್ದಾನೆ. ಅಂದು ಎಂದಿನಂತೆ ಎಲ್ಲರನ್ನೂ ಕೆಲಸಕ್ಕೆ ಕರೆದಾಗ, ಹೊಸದಾಗಿ ಬಂದಿದ್ದ ಕೆಲವರು ಈ ದಿನ ದುಡಿಯುವುದಕ್ಕೆ ತಮ್ಮ ಅಂತಃಸಾಕ್ಷಿ ಒಪ್ಪದು ಎಂದರು. ಗವರ್ನರನು ಅವರನ್ನು ಬಿಟ್ಟು ಉಳಿದವರೊಡನೆ ಕೆಲಸಕ್ಕೆ ಹೋದನು. ಮಧ್ಯಾಹ್ನ ಹಿಂದಿರುಗಿ ಬಂದು ನೋಡಿದರೆ ಅವರೆಲ್ಲ ಬೀದಿಯಲ್ಲಿ ಚೆಂಡಾಟದಲ್ಲಿ ತೊಡಗಿದ್ದರು. ಆತನು ಅವರ ಆಟದ ಸಾಮಾನುಗಳನ್ನು ಕಸಿದುಕೊಂಡು, ಉಳಿದವರು ದುಡಿಯುತ್ತಿರುವಾಗ ಇವರು ಆಡುವುದಕ್ಕೆ ತನ್ನ ಅಂತಃಸಾಕ್ಷಿಯೂ ಒಪ್ಪದೆಂದನು. ಭಕ್ತಿಗಾಗಿ ಆಚರಿಸುವುದಾದರೆ ಮನೆಯೊಳಗಿರಲಿ, ಬೀದಿಯಲ್ಲಿ ಕೂಡದು ಎಂಬುದು ಆತನ ತೀರ್ಪು. ಮುಂದಿನ ನಾಲ್ಕು ನೂರು ವರ್ಷಗಳ ವಿವಾದವೆಲ್ಲವೂ ಈ ಪುಟ್ಟ ಪ್ರಸಂಗದಲ್ಲಿ ಬೀಜರೂಪವಾಗಿ ಅಡಗಿದೆ. ಅಂತಃಸಾಕ್ಷಿ ಒಂದು ಕಡೆ, ಅಧಿಕಾರ ಇನ್ನೊಂದು ಕಡೆ, ನಡುವೆ ಬೀದಿ. ಮ್ಯಾಸಚೂಸೆಟ್ಸ್ ವಸಾಹತಿನವರು ಇನ್ನೂ ಮುಂದುವರಿದು ೧೬೫೯ರಲ್ಲಿ ಈ ಹಬ್ಬ ಮಾಡಿದವರಿಗೆ ಐದು ಷಿಲಿಂಗು ದಂಡವನ್ನು ವಿಧಿಸಿದರು. ಆ ಕಾನೂನು ೧೬೮೧ರವರೆಗೆ ಜಾರಿಯಲ್ಲಿತ್ತು.

ಇಂದು ಪ್ರಾಚೀನವೆಂದು ಹೊಗಳಿಸಿಕೊಳ್ಳುವ ಕ್ರಿಸ್‌ಮಸ್ಸಿನ ಬಹುಪಾಲು ಅಲಂಕಾರವು ಹತ್ತೊಂಬತ್ತನೆಯ ಶತಮಾನದ ಸೃಷ್ಟಿ. ಜಿಂಕೆಗಳ ಬಂಡಿಯೇರಿ ಬಂದು ಹೊಗೆಗೂಡಿನಿಂದಿಳಿಯುವ ಮುದುಕನ ಕಲ್ಪನೆಯು ೧೮೨೩ರಲ್ಲಿ ಪ್ರಕಟವಾದ ಒಂದು ಕವಿತೆಯಿಂದ ಮನೆಮಾತಾಯಿತು. ಡಿಕನ್ಸನ ಪ್ರಸಿದ್ಧ ಕಥೆ ಬಂದುದು ೧೮೪೩ರಲ್ಲಿ. ದೀಪಗಳ ಮರವು ಜರ್ಮನಿಯಿಂದ ಬಂದುದು. ೧೮೪೮ರಲ್ಲಿ ವಿಕ್ಟೋರಿಯ ರಾಣಿಯ ಕುಟುಂಬವು ಅಂಥ ಮರದ ಸುತ್ತ ನಿಂತಿರುವ ಚಿತ್ರವು ಲಂಡನ್ನಿನ ಪತ್ರಿಕೆಯೊಂದರಲ್ಲಿ ಅಚ್ಚಾದ ಮೇಲೆ ಆಂಗ್ಲರ ಮನೆಗಳಲ್ಲಿ ಅದರ ರೂಢಿ ಹಬ್ಬಿತು. ಅಮೆರಿಕದ ಕೇಂದ್ರ ಸರ್ಕಾರವು ಕ್ರಿಸ್‌ಮಸ್ಸನ್ನು ರಜಾದಿನಗಳ ಪಟ್ಟಿಗೆ ಸೇರಿಸಿದುದು ೧೮೭೦ರಲ್ಲಿ. ರಾಷ್ಟ್ರಪತಿ ಕೂಲಿಜನು ರಾಜಧಾನಿಯಲ್ಲಿ ಮೊದಲ ರಾಷ್ಟ್ರೀಯ ಕ್ರಿಸ್‌ಮಸ್ ಮರದ ದೀಪಗಳನ್ನು ಬೆಳಗಿಸಿದುದು ೧೯೨೩ರಲ್ಲಿ. ಹೊಸದೆಂಬ ಕಾರಣಕ್ಕೆ ಯಾವ ಆಚರಣೆಯೂ ಹೀನವಾಗುವುದಿಲ್ಲ. ಆದರೆ ನೂರೈವತ್ತು ವರ್ಷದ್ದನ್ನು ಅನಾದಿಯೆಂದು ಸಾಧಿಸಹೊರಡುವುದು ಮಾತ್ರ ವಿದ್ವತ್ತಿಗೆ ಒಪ್ಪುವ ಕೆಲಸವಲ್ಲ.

ವಿವಾದದ ನಿಜವಾದ ನೋವು ತಿಳಿಯಬೇಕಾದರೆ ಅಧ್ಯಾಪಕರಾದವರು ಶಾಲೆಯ ಕಡೆಗೆ ನೋಡಬೇಕು. ೧೯೦೫ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ನಗರದ ಬ್ರೂಕ್ಲಿನ್ ಭಾಗದ ಒಂದು ಸಾರ್ವಜನಿಕ ಶಾಲೆಯಲ್ಲಿ ಕ್ರಿಸ್‌ಮಸ್ ಸಮಾರಂಭ ನಡೆಯಿತು. ಆ ಶಾಲೆಯ ಮಕ್ಕಳಲ್ಲಿ ಬಹುಮಂದಿ ಪೂರ್ವ ಯುರೋಪಿನ ಹಿಂಸೆಯಿಂದ ತಪ್ಪಿಸಿಕೊಂಡು ಬಂದ ಬಡ ಯೆಹೂದ್ಯರ ಮಕ್ಕಳು. ಮುಖ್ಯೋಪಾಧ್ಯಾಯರು ಅವರಿಗೆ, ಕ್ರಿಸ್ತನಂತೆ ಬಾಳಿರೆಂದು ಬೋಧಿಸಿದರು. ಅವರ ಮನಸ್ಸಿನಲ್ಲಿ ದ್ವೇಷವಿತ್ತೆಂದು ಭಾವಿಸಬೇಕಾಗಿಲ್ಲ. ಒಳ್ಳೆಯ ಮಾತೆಂದೇ ಅವರು ಹೇಳಿರಬೇಕು. ಆದರೆ ಕ್ರಿಸ್ತನ ಹೆಸರಿನಲ್ಲಿಯೇ ಮನೆ ಸುಡಿಸಿಕೊಂಡು ಬಂದ ತಂದೆತಾಯಿಗಳ ಕಿವಿಗೆ ಅದು ಬೇರೆಯಾಗಿ ಕೇಳಿಸಿತು. ಅವರು ಮನವಿ ಸಲ್ಲಿಸಿದರು, ವಿಚಾರಣೆ ನಡೆಯಿತು, ಮುಖ್ಯೋಪಾಧ್ಯಾಯರು ತಮ್ಮ ಸ್ಥಾನದಲ್ಲಿಯೇ ಉಳಿದರು. ಮರುವರ್ಷ ೧೯೦೬ರ ಡಿಸೆಂಬರ್ ೨೪ರಂದು, ಯಿಡ್ಡಿಷ್ ಭಾಷೆಯ ಪತ್ರಿಕೆಗಳ ಕರೆಗೆ ಓಗೊಟ್ಟು, ನಗರದ ಸಾವಿರಾರು ಯೆಹೂದ್ಯ ಮಕ್ಕಳು ಶಾಲೆಗೆ ಹೋಗದೆ ಮನೆಯಲ್ಲುಳಿದರು. ಆ ಬಳಿಕ ಶಿಕ್ಷಣ ಮಂಡಲಿಯು ಸ್ತೋತ್ರಗೀತೆಗಳನ್ನೂ ಮತಬೋಧೆಯ ಪ್ರಬಂಧಗಳನ್ನೂ ಶಾಲೆಯಿಂದ ಹೊರಗಿಡಲು ಮುಂದಾದಾಗ, ಕ್ರಿಸ್‌ಮಸ್ಸನ್ನು ಕಸಿದುಕೊಂಡವರೆಂಬ ಅಪವಾದವು ಆ ಬಡವರ ಮೇಲೆಯೇ ಬಂದಿತು.

ಈ ಪ್ರಸಂಗದಲ್ಲಿ ಗಮನಿಸತಕ್ಕ ಸೂಕ್ಷ್ಮವೊಂದಿದೆ. ಆ ತಂದೆತಾಯಿಗಳು ಯಾರ ಹಬ್ಬವನ್ನೂ ನಿಲ್ಲಿಸಹೊರಟವರಲ್ಲ. ಇಗರ್ಜಿಯಲ್ಲಿ ಗಂಟೆ ಬಾರಿಸಬಾರದೆಂದಾಗಲಿ, ಬೀದಿಯಲ್ಲಿ ಹಾಡು ಕೂಡದೆಂದಾಗಲಿ ಅವರು ಹೇಳಲಿಲ್ಲ. ಕಾನೂನಿನ ಬಲದಿಂದ ಮಗುವನ್ನು ಕೂಡಿಸಿಕೊಂಡ ಕೊಠಡಿಯಲ್ಲಿ, ಎದ್ದುಹೋಗಲಾರದ ಮಗುವಿನ ಎದುರಿಗೆ ಪೂಜೆ ನಡೆಯಬಾರದೆಂದು ಮಾತ್ರ ಕೇಳಿದರು. ಹಾಡಿಗೆ ತುಟಿಯಾಡಿಸುತ್ತ, ದನಿಯನ್ನು ಮಾತ್ರ ಹೊರಡಿಸದೆ ನಿಂತ ಮಗುವೊಂದನ್ನು ಯಾವ ಅನುಭವಿ ಅಧ್ಯಾಪಕರೂ ಗುರುತಿಸಬಲ್ಲರು. ಆ ಮಗುವಿನ ಮೌನವನ್ನು ಉದ್ಧಟತನವೆಂದು ಬಗೆಯುವುದು ಸುಲಭ.

ಇನ್ನು ನ್ಯಾಯಾಲಯದ ಮಾತು. ರೋಡ್ ಐಲೆಂಡ್ ಸಂಸ್ಥಾನದ ಪಾಟಕೆಟ್ ಎಂಬ ಪಟ್ಟಣದ ಪೌರಸಭೆಯು ಪೇಟೆಯ ನಡುವಣ ಉದ್ಯಾನದಲ್ಲಿ ಪ್ರತಿ ವರ್ಷವೂ ಕ್ರಿಸ್‌ಮಸ್ ಪ್ರದರ್ಶನವನ್ನು ಏರ್ಪಡಿಸುತ್ತಿತ್ತು. ಅದರಲ್ಲಿ ಸಾಂಟಾ ಕ್ಲಾಸನ ಮನೆ, ಬಂಡಿಯೆಳೆಯುವ ಜಿಂಕೆಗಳು, ಮರ, ನೂರಾರು ಬಣ್ಣದ ದೀಪಗಳು, ವಿದೂಷಕ, ಆನೆ, ಕರಡಿಗಳ ಗೊಂಬೆಗಳು. ಅವುಗಳ ನಡುವೆ ಏಸುವಿನ ಜನನದ ಗೋದಲಿ. ಕನ್ನಡ ನಾಡಿನ ಕ್ರೈಸ್ತರು ಈ ಜನನದೃಶ್ಯಕ್ಕೆ ಗೋದಲಿ ಎಂಬ ಹೆಸರನ್ನೇ ಉಳಿಸಿಕೊಂಡಿರುವುದು ಸಂತೋಷದ ಸಂಗತಿ; ಉತ್ತರದ ಒಕ್ಕಲು ಮನೆಗಳಲ್ಲಿ ದನಗಳಿಗೆ ಮೇವು ಹಾಕುವ ಗ್ವಾದಲಿಯೇ ಅದು. ಪಾಟಕೆಟ್ಟಿನ ಗೋದಲಿಯನ್ನು ಪೌರಸಭೆಯು ೧೯೭೩ರಲ್ಲಿ ೧,೩೬೫ ಡಾಲರು ಕೊಟ್ಟು ಕೊಂಡಿತ್ತು. ಸಾರ್ವಜನಿಕರ ಹಣದಿಂದ ಒಂದು ಮತದ ಪ್ರತಿಮೆಗಳನ್ನು ನಿಲ್ಲಿಸುವುದು ಸಂವಿಧಾನಕ್ಕೆ ವಿರುದ್ಧವೆಂದು ಕೆಲವು ನಿವಾಸಿಗಳು ದಾವೆ ಹೂಡಿದರು. ಕೆಳಗಿನ ಎರಡು ನ್ಯಾಯಾಲಯಗಳು ಅವರ ಮಾತನ್ನು ಎತ್ತಿಹಿಡಿದುವು. ಸರ್ವೋಚ್ಚ ನ್ಯಾಯಾಲಯವು ೧೯೮೪ರ ಮಾರ್ಚಿಯಲ್ಲಿ, ಐವರಿಗೆ ನಾಲ್ವರಂತೆ, ಪೌರಸಭೆಯ ಪರವಾಗಿ ತೀರ್ಪಿತ್ತಿತು.

ತೀರ್ಪಿಗಿಂತ ಅದರ ಹಿಂದಿನ ಯುಕ್ತಿಯೇ ವಿಚಾರಾರ್ಹವಾದುದು. ಮುಖ್ಯ ನ್ಯಾಯಮೂರ್ತಿ ಬರ್ಗರರು, ಗೋದಲಿಯನ್ನು ಬಿಡಿಯಾಗಿ ನೋಡದೆ ಹಬ್ಬದ ಋತುವಿನ ಒಟ್ಟು ಸಂದರ್ಭದಲ್ಲಿಟ್ಟು ನೋಡಬೇಕು, ಆಗ ಅದು ರಜೆಯ ಐತಿಹಾಸಿಕ ಮೂಲವನ್ನು ತೋರಿಸುವ ಲೌಕಿಕ ಉದ್ದೇಶದ್ದಾಗುತ್ತದೆ ಎಂದರು. ಎಂದರೆ, ಗೋದಲಿಯು ಕಾನೂನಿನ ಕೈಯಿಂದ ಪಾರಾದುದು ತನ್ನ ಪಾವಿತ್ರ್ಯದಿಂದಲ್ಲ. ಪಕ್ಕದಲ್ಲಿ ನಿಂತ ಆನೆ ಕರಡಿಗಳ ಪುಣ್ಯದಿಂದ! ಐದು ವರ್ಷಗಳ ತರುವಾಯ, ೧೯೮೯ರಲ್ಲಿ, ಪಿಟ್ಸ್‌ಬರ್ಗ್ ನಗರದ ಮೊಕದ್ದಮೆಯಲ್ಲಿ ಇದು ಇನ್ನೂ ನಿಚ್ಚಳವಾಯಿತು. ಅಲ್ಲಿಯ ನ್ಯಾಯಾಲಯದ ಮಹಾಸೋಪಾನದ ಮೇಲೆ ಒಂಟಿಯಾಗಿ ನಿಂತಿದ್ದ ಗೋದಲಿಯು ಸಂವಿಧಾನಬಾಹಿರವೆಂದು ತೀರ್ಮಾನವಾಯಿತು. ಮತ್ತೊಂದು ಸರ್ಕಾರಿ ಕಟ್ಟಡದ ಮುಂದೆ ೪೫ ಅಡಿಯ ಕ್ರಿಸ್‌ಮಸ್ ಮರದ ಬದಿಗೆ ನಿಂತಿದ್ದ ಯೆಹೂದ್ಯರ ೧೮ ಅಡಿಯ ದೀಪಸ್ತಂಭವು ಊರ್ಜಿತವಾಯಿತು. ವಕೀಲರಲ್ಲಿ ಇದಕ್ಕೆ ಪ್ಲಾಸ್ಟಿಕ್ ಜಿಂಕೆಯ ನಿಯಮವೆಂದು ಹಾಸ್ಯದ ಹೆಸರೇ ಬಿದ್ದಿತು. ದೇವರ ಪಕ್ಕದಲ್ಲಿ ಎಷ್ಟು ಬೊಂಬೆಗಳಿದ್ದರೆ ದೇವರು ಕಾನೂನುಬದ್ಧನಾಗುವನೆಂಬ ಲೆಕ್ಕಾಚಾರಕ್ಕೆ ಧರ್ಮವಿಚಾರವು ಬಂದು ನಿಂತಿತು.

ಪಾಟಕೆಟ್ ಮೊಕದ್ದಮೆಯಲ್ಲಿ ಭಿನ್ನಾಭಿಪ್ರಾಯ ಬರೆದ ನ್ಯಾಯಮೂರ್ತಿ ಬ್ಲ್ಯಾಕ್‌ಮನ್ನರು ಈ ವಿಪರ್ಯಾಸವನ್ನು ಕಂಡರು. ಊರು ಗೆದ್ದಿತು ನಿಜ, ಆದರೆ ಆ ಗೆಲವಿಗೆ ತೆತ್ತ ಬೆಲೆ ಸೋಲಿಗಿಂತ ಹೆಚ್ಚಿನದು. ವ್ಯಾಪಾರಕ್ಕೆ ಅನುಕೂಲವಾದ ಒಂದು ಋತುಚಿಹ್ನೆಯ ಮಟ್ಟಕ್ಕೆ ಗೋದಲಿಯನ್ನು ಇಳಿಸಿದಂತಾಯಿತು ಎಂಬುದು ಅವರ ಅಭಿಪ್ರಾಯದ ಸಾರ. ನಿಜವಾದ ಭಕ್ತನು ಇವರ ಮಾತಿಗೆ ಬೆಲೆ ಕೊಡಬೇಕಾಗಿತ್ತು. ಬಹುಮತದ ಪರವಾಗಿದ್ದ ನ್ಯಾಯಮೂರ್ತಿ ಸಾಂಡ್ರಾ ಡೇ ಓಕಾನರ್ ಅವರು ಹೇಳಿದ ತತ್ತ್ವವೂ ಅಷ್ಟೇ ತೂಕದ್ದು: ಸರ್ಕಾರವು ಒಂದು ಮತವನ್ನು ಅನುಮೋದಿಸಿದರೆ ಉಳಿದವರು ಹೊರಗಿನವರೆಂಬ ಸಂದೇಶವನ್ನು ಕೊಟ್ಟಂತೆ. ಈ ಅಳತೆಗೋಲನ್ನು ತಾನು ಬಹುಹಿಂದೆಯೇ ಕೈಬಿಟ್ಟಿರುವುದಾಗಿ ೨೦೨೨ರಲ್ಲಿ ಅದೇ ನ್ಯಾಯಾಲಯವು ಸಾರಿ, ಇಂಥವನ್ನು ಇತಿಹಾಸ ಸಂಪ್ರದಾಯಗಳ ಬೆಳಕಿನಲ್ಲಿ ನೋಡಬೇಕೆಂದಿತು. ಐದು ಷಿಲಿಂಗಿನ ದಂಡವೂ ಆ ದೇಶದ ಇತಿಹಾಸವೇ ಎಂಬುದನ್ನು ಇಲ್ಲಿ ನೆನೆಯದೆ ಇರಲಾಗದು.

ಶಬ್ದಗಳ ಕಡೆಗೆ ಒಮ್ಮೆ ನೋಡುವುದು ಈ ಸಂದರ್ಭದಲ್ಲಿ ಅಪ್ರಸ್ತುತವಾಗಲಾರದು. 'ಹಾಲಿಡೇ' ಎಂಬ ಆಂಗ್ಲ ಶಬ್ದದ ಮೂಲಾರ್ಥವೇ ಪವಿತ್ರ ದಿನ. ಕ್ರಿಸ್ತನ ಹೆಸರನ್ನು ತಪ್ಪಿಸಲೆಂದು 'ಹ್ಯಾಪಿ ಹಾಲಿಡೇಸ್' ಎನ್ನುವವನೂ, ಅದನ್ನು ಕೇಳಿ ಧರ್ಮಲೋಪವಾಯಿತೆಂದು ಸಿಡಿಮಿಡಿಗೊಳ್ಳುವವನೂ ಇದನ್ನು ಮರೆತಿದ್ದಾರೆ. ಕನ್ನಡದ 'ರಜೆ' ಎಂಬ ಶಬ್ದದ ಹುಟ್ಟು ಬೇರೆ. ಅರಬ್ಬಿ ಪಾರಸಿಗಳಿಂದ ಉರ್ದುವಿನ ಮೂಲಕ ದಫ್ತರದ ಭಾಷೆಗೆ ಬಂದ ಈ ಮಾತಿಗೆ ಸಮ್ಮತಿ, ಅಪ್ಪಣೆ ಎಂದು ಅರ್ಥ. ಮೇಲಿನವನು ಕೆಳಗಿನವನಿಗೆ ಕೊಡುವ ಅಪ್ಪಣೆ. ಸರ್ಕಾರದ ಕೈಯಲ್ಲಿರುವುದು ಈ ಎರಡನೆಯದು ಮಾತ್ರ. ದಿನವೊಂದರ ಬಿಡುವನ್ನು ಅದು ಕೊಡಬಲ್ಲದು, ದಿನವನ್ನು ಪವಿತ್ರಗೊಳಿಸಲಾರದು. ಸಿನ್ಸಿನಾಟಿಯ ವಕೀಲರೊಬ್ಬರು ಕ್ರಿಸ್‌ಮಸ್ ದಿನದ ಸರ್ಕಾರಿ ರಜೆಯೇ ಸಂವಿಧಾನವಿರೋಧಿಯೆಂದು ದಾವೆ ಹೂಡಿದಾಗ, ೧೯೯೯ರಲ್ಲಿ ನ್ಯಾಯಾಲಯವು ಅದನ್ನು ತಳ್ಳಿಹಾಕಿತು. ತಳ್ಳಿಹಾಕಿದುದು ಉಚಿತವೇ. ಬಹುಜನರು ಮನೆಯಲ್ಲಿರಬಯಸುವ ದಿನ ಕಚೇರಿಯ ಬಾಗಿಲು ಮುಚ್ಚುವುದು ವಿವೇಕ. ಅದರಿಂದ ಯಾರನ್ನೂ ಪೂಜೆಗೆ ಎಳೆದಂತಾಗುವುದಿಲ್ಲ.

ಪ್ರತಿಪಕ್ಷದಲ್ಲಿಯೂ ಅತಿರೇಕವಿಲ್ಲದಿಲ್ಲ. ಶಾಲೆಯಲ್ಲಿ ಕ್ರಿಸ್‌ಮಸ್ಸಿನ ಹೆಸರನ್ನೇ ಎತ್ತಕೂಡದು, ಮತಸಂಬಂಧವಾದ ಗೀತವಾವುದೂ ಮಗುವಿನ ಕಿವಿಗೆ ಬೀಳಕೂಡದು ಎನ್ನುವವರಿದ್ದಾರೆ. ಈ ನಿಯಮವನ್ನು ಹಿಡಿದರೆ ೧೭೪೨ರಲ್ಲಿ ಡಬ್ಲಿನ್ನಿನಲ್ಲಿ ಮೊದಲು ಹಾಡಲ್ಪಟ್ಟ ಹ್ಯಾಂಡೆಲನ 'ಮೆಸೈಯಾ' ಕೃತಿಯನ್ನು ಸಂಗೀತದ ವಿದ್ಯಾರ್ಥಿ ಕೇಳುವಂತಿಲ್ಲ. ಹಾಗೆ ನೋಡಿದರೆ ಕನ್ನಡದ ಹಳೆಯ ಸಾಹಿತ್ಯದಲ್ಲಿ ಜೈನ, ವೀರಶೈವ, ವೈಷ್ಣವ ಮತಗಳನ್ನು ತೆಗೆದು ಉಳಿಯುವುದೆಷ್ಟು? ದಕ್ಷಿಣ ಡಕೋಟದ ಸೂ ಫಾಲ್ಸ್ ಎಂಬ ಊರಿನ ಶಾಲಾಮಂಡಲಿಯು ಸಂಸ್ಕೃತಿಯ ಅಂಗವಾಗಿ, ವಿವೇಕದಿಂದಲೂ ತಾಟಸ್ಥ್ಯದಿಂದಲೂ ಇಂಥವನ್ನು ಕಲಿಸಬಹುದೆಂದು ನಿಯಮ ಮಾಡಿದಾಗ ಮೇಲ್ಮನವಿಯ ನ್ಯಾಯಾಲಯವು ೧೯೮೦ರಲ್ಲಿ ಅದನ್ನು ಎತ್ತಿಹಿಡಿಯಿತು. ಕಲಿಸುವುದು ಒಂದು, ಮಾಡಿಸುವುದು ಇನ್ನೊಂದು. ಇವೆರಡರ ನಡುವಣ ಗೆರೆಯನ್ನು ನ್ಯಾಯಮೂರ್ತಿಗಿಂತ ಚೆನ್ನಾಗಿ ಎಳೆಯಬಲ್ಲವರು ತರಗತಿಯಲ್ಲಿ ನಿಂತ ಉಪಾಧ್ಯಾಯರೇ. ಇಲ್ಲದ ನಿಷೇಧವನ್ನು ಹುಟ್ಟಿಸಿ ಕೂಗೆಬ್ಬಿಸುವುದೂ ಉಂಟು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರಸಭೆಯು ೧೯೯೭ ಮತ್ತು ೧೯೯೮ರಲ್ಲಿ ಚಳಿಗಾಲದ ಕಾರ್ಯಕ್ರಮಗಳೆಲ್ಲಕ್ಕೂ ಒಂದು ಒಟ್ಟು ಹೆಸರನ್ನಿಟ್ಟಿತು. ಕ್ರಿಸ್‌ಮಸ್ ಅದರೊಳಗೆ ಎಂದಿನಂತೆಯೇ ಇತ್ತು. ಆದರೂ ನಗರವು ಕ್ರಿಸ್‌ಮಸ್ಸನ್ನೇ ನಿಷೇಧಿಸಿತೆಂಬ ಸುದ್ದಿ ವರ್ಷಗಟ್ಟಲೆ ಪತ್ರಿಕೆಗಳಲ್ಲಿ ತಿರುಗಿತು. ೨೦೧೧ರಲ್ಲಿ ಅಲ್ಲಿಯ ಒಂದು ದೊಡ್ಡ ಪತ್ರಿಕೆ ತಿದ್ದುಪಡಿಯನ್ನು ಅಚ್ಚುಹಾಕಬೇಕಾಯಿತು.

ಭಾರತದಲ್ಲಿ ಪದ್ಧತಿ ಬೇರೆ. ಇಲ್ಲಿ ಸರ್ಕಾರವು ಎಲ್ಲ ಮತಗಳ ಹಬ್ಬಗಳಿಗೂ ರಜೆಯನ್ನೀಯುತ್ತದೆ. ಗೋಡೆ ಕಟ್ಟಿಕೊಂಡು ದೂರ ನಿಲ್ಲುವುದಿಲ್ಲ. ೨೦೧೪ರಲ್ಲಿ ಡಿಸೆಂಬರ್ ೨೫ನ್ನು ಸುಶಾಸನ ದಿನವೆಂದು ಕೇಂದ್ರ ಸರ್ಕಾರ ಹೆಸರಿಸಿದಾಗ ಒಂದಿಷ್ಟು ಚರ್ಚೆ ನಡೆಯಿತು, ರಜೆ ಉಳಿಯಿತು. ಕನ್ನಡ ನಾಡಿನಲ್ಲಿ ಈ ಹಬ್ಬವು ಪರಕೀಯವೆಂಬ ಮಾತು ಆಗಾಗ ಕೇಳಿಬರುವುದಾದರೂ ಅದು ವಿಚಾರಕ್ಕೆ ನಿಲ್ಲದು. ಮಂಗಳೂರಿನ ಕ್ರೈಸ್ತ ಮನೆಗಳಿಂದ ಈ ಹಬ್ಬದಲ್ಲಿ ಕುಸ್ವಾರಿನ ತಟ್ಟೆಗಳು ನೆರೆಯ ಮನೆಗಳಿಗೆ ಹೋಗುವುದು ಹಳೆಯ ವಾಡಿಕೆ. ೧೮೩೪ರಲ್ಲಿ ಅದೇ ಊರಿಗೆ ಬಂದ ಬಾಸೆಲ್ ಮಿಷನ್ನಿನವರಲ್ಲಿ ಮೋಗ್ಲಿಂಗರು ೧೮೪೩ರಲ್ಲಿ ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದರು. ಕಿಟ್ಟೆಲ್ಲರ ನಿಘಂಟು ೧೮೯೪ರಲ್ಲಿ ಅಚ್ಚಾಯಿತು. ಅವರ ಮತಪ್ರಸಾರದ ವಿಷಯದಲ್ಲಿ ಭಿನ್ನಾಭಿಪ್ರಾಯವಿರಬಹುದು. ಆ ನಿಘಂಟನ್ನು ಮೇಜಿನ ಮೇಲಿಟ್ಟುಕೊಂಡು ಅವರ ಹಬ್ಬ ಹೊರಗಿನದೆಂದು ಬರೆಯುವುದು ಕೃತಜ್ಞತೆಯ ಲಕ್ಷಣವಲ್ಲ.

ಧರ್ಮಸಂಸ್ಥೆಗಳು ನಡೆಸುವ ಶಾಲೆಗಳಿಗೆ ಭಾರತದ ಸಂವಿಧಾನದ ೨೮ನೆಯ ವಿಧಿಯಲ್ಲಿ ನೇರವಾಗಿ ಸಲ್ಲುವ ಮಾತೊಂದಿದೆ. ಸರ್ಕಾರದ ಮಾನ್ಯತೆಯನ್ನೋ ಸಹಾಯಧನವನ್ನೋ ಪಡೆಯುವ ಶಾಲೆಯಲ್ಲಿ ಯಾವ ಮಗುವನ್ನೂ ಪೋಷಕರ ಸಮ್ಮತಿಯಿಲ್ಲದೆ ಮತಬೋಧೆಗಾಗಲಿ ಪೂಜೆಗಾಗಲಿ ಒಳಪಡಿಸಲಾಗದು. ಇದು ಇಗರ್ಜಿಯ ಶಾಲೆಗೂ ಅನ್ವಯಿಸುತ್ತದೆ, ಮಠದ ಶಾಲೆಗೂ ಅನ್ವಯಿಸುತ್ತದೆ. ಇಗರ್ಜಿಯ ಶಾಲೆಯಲ್ಲಿ ಅನ್ಯಮತದ ಮಗುವಿನಿಂದ ಕ್ರಿಸ್‌ಮಸ್ ಗೀತೆ ಹಾಡಿಸಿದರೆಂದು ದೂರುವ ಪೋಷಕರಿಗೆ ನ್ಯಾಯವಾದ ಆಧಾರ ಈ ವಿಧಿಯಲ್ಲಿಯೇ ದೊರೆಯುತ್ತದೆ. ಶಾಲೆಯ ಬಾಗಿಲಿಗೆ ಗುಂಪು ಕಟ್ಟಿಕೊಂಡು ಹೋಗುವ ಅಗತ್ಯವಿಲ್ಲ. ಆದರೆ ಮಠದ ಶಾಲೆಯ ಬೆಳಗಿನ ಪ್ರಾರ್ಥನೆಯಲ್ಲಿ ಸುಮ್ಮನೆ ನಿಂತ ಮುಸಲ್ಮಾನರ ಮಗುವಿಗೂ ಕ್ರೈಸ್ತರ ಮಗುವಿಗೂ ಅದೇ ಆಧಾರವಿದೆ. ಆ ಮಕ್ಕಳ ಪೋಷಕರನ್ನು ಪ್ರವೇಶದ ದಿನವೇ ಕರೆದು ಕೂಡಿಸಿ ಕೇಳಿ, ಅವರ ಉತ್ತರವನ್ನು ಬರೆದಿಟ್ಟುಕೊಳ್ಳುವ ಶಾಲೆಗಳು ಎಷ್ಟಿವೆಯೋ, ದಾನಿಗಳೂ ಆಡಳಿತದವರೂ ವಿಚಾರಿಸಿ ನೋಡಬಹುದಾಗಿದೆ.

ಮಠಗಳ ಶಾಲೆಗಳಲ್ಲಿ ಓದಿ ಅಮೆರಿಕದಲ್ಲಿ ನೆಲಸಿದ ಕನ್ನಡಿಗರಿಗೆ ಈ ವಿವಾದವು ಈಗ ಹೊರಗಿನದಾಗಿ ಉಳಿದಿಲ್ಲ. ತಮ್ಮ ಮಕ್ಕಳು ಶಾಲೆಯಲ್ಲಿ ಕ್ರಿಸ್‌ಮಸ್ ಗೀತೆಗಳ ನಡುವೆ ತುಟಿಯಾಡಿಸುತ್ತ ನಿಂತುದನ್ನು ಕಂಡವರು ಅವರು. ಯೆಹೂದ್ಯರು ಹಿಡಿದ ದಾರಿಯನ್ನೇ ಭಾರತೀಯರೂ ಹಿಡಿದರು: ತೆಗೆಯಿರಿ ಎನ್ನುವುದಕ್ಕಿಂತ, ತಮ್ಮದನ್ನೂ ಸೇರಿಸಿರಿ ಎಂದು ಕೇಳಿದರು. ಯೆಹೂದ್ಯರ ಹನೂಕಾ ಹಬ್ಬವು ಅವರ ಶಾಸ್ತ್ರದಲ್ಲಿ ಸಣ್ಣ ಹಬ್ಬ. ಡಿಸೆಂಬರಿನಲ್ಲಿ ಬಂದ ಒಂದೇ ಕಾರಣದಿಂದ ಅಮೆರಿಕದಲ್ಲಿ ದೊಡ್ಡದಾಗಿ ಬೆಳೆಯಿತು. ದೀಪಾವಳಿಗೂ ಅಂಥ ಬೆಳವಣಿಗೆ ತೊಡಗಿದೆ. ೨೦೧೬ರಲ್ಲಿ ಅದರ ಅಂಚೆಚೀಟಿ ಬಂದಿತು. ೨೦೨೩ರಲ್ಲಿ ನ್ಯೂಯಾರ್ಕ್ ನಗರದ ಶಾಲೆಗಳಿಗೆ ದೀಪಾವಳಿಯ ರಜೆಯನ್ನು ಶಾಸನವೇ ವಿಧಿಸಿತು. ಇದರಲ್ಲಿ ಹಿಗ್ಗುವುದಕ್ಕೆ ಕಾರಣವುಂಟು, ಎಚ್ಚರಕ್ಕೂ ಕಾರಣವುಂಟು. ಆನೆ ಕರಡಿಗಳ ನಡುವೆ ನಿಂತ ಗೋದಲಿಯ ಪಕ್ಕದಲ್ಲಿ ನಾಳೆ ಹಣತೆಯೊಂದು ನಿಂತರೆ, ಅದು ನರಕ ಚತುರ್ದಶಿಯ ಹಣತೆಯಾಗಿರುವುದಿಲ್ಲ. ಪೇಟೆಯ ಮತ್ತೊಂದು ಋತುಚಿಹ್ನೆಯಾಗಿರುತ್ತದೆ.

ಆ ರಜೆಯು ಮೊದಲ ಬಾರಿಗೆ ದೊರೆತುದು ೨೦೨೪ರ ನವೆಂಬರ್ ೧ರಂದು, ಶುಕ್ರವಾರ. ಕನ್ನಡ ನಾಡಿನಲ್ಲಿ ಅಂದು ರಾಜ್ಯೋತ್ಸವ. ಬ್ರೂಕ್ಲಿನ್ನಿನ ಶಾಲೆಗಳೂ ಅಂದು ಮುಚ್ಚಿದ್ದುವು. ಮನೆಯಲ್ಲುಳಿದ ಮಕ್ಕಳಲ್ಲಿ ಎಣ್ಣೆನೀರು ಹಾಕಿಸಿಕೊಂಡವರೆಷ್ಟು, ಹೊತ್ತು ಮೂಡಿದ ಮೇಲೂ ಮಲಗಿದ್ದವರೆಷ್ಟು ಎಂಬ ಲೆಕ್ಕವನ್ನು ಯಾವ ಶಿಕ್ಷಣ ಮಂಡಲಿಯೂ ಇಡಲಿಲ್ಲ. ಇಡಬೇಕಾದ ಕೆಲಸವೂ ಅದರದಲ್ಲ.